ಬೂಟು ಬಿಚ್ಚಿಟ್ಟ ಮೇಲೆ



ಸರ್ಬಿಯಾದ ಮಟೆಯಾ ಕೆಜ್ಮನ್ ಅವರ ಹೆಸರು ಇಲ್ಲಿ ಕೆಲವರಿಗಷ್ಟೇ ನೆನಪಿರಬಹುದು. ನೆದರ್ಲೆಂಡ್ಸ್, ಇಂಗ್ಲೆಂಡ್, ಸ್ಪೇನ್, ಟರ್ಕಿ, ಫ್ರಾನ್ಸ್, ರಷ್ಯಾ, ಹಾಂಗ್‌ಕಾಂಗ್, ಬೆಲಾರೂಸ್ ಎಂದು ಊರಿಂದೂರಿಗೆ ಆಡುತ್ತ ಹೋದ ಫುಟ್‌ಬಾಲ್ ಆಟಗಾರ. ಬೂಟು ಬಿಚ್ಚಿಟ್ಟ ಮೇಲೆ ಏಜೆಂಟ್ ಆದರು. ಏಜೆಂಟ್ ಎಂದೊಡನೆ ಕಮಿಷನ್ ಎಣಿಸುವ ದಲ್ಲಾಳಿಯ ಚಿತ್ರ ಕಣ್ಣಮುಂದೆ ಬರುತ್ತದೆ. ಅದು ಪೂರಾ ಸುಳ್ಳೂ ಅಲ್ಲ. ಆದರೂ ಪರದೇಶದಲ್ಲಿ ಸೋತು ನಿಂತ ಆಟಗಾರನಿಗೆ ಏನು ಬೇಕೆಂಬುದು, ತಾನೂ ಹಾಗೆ ನಿಂತವನಿಗೆ ತಿಳಿದಷ್ಟು ಬೇರೆಯವರಿಗೆ ತಿಳಿಯದು. ಕೆಜ್ಮನ್ ಅವರ ಬದುಕನ್ನು ನಾನು ಓದಿಕೊಂಡಿರುವುದು ಹೀಗೆ.

1979ರಲ್ಲಿ ಜೆಮುನ್‌ನಲ್ಲಿ ಹುಟ್ಟಿದವರು. ಬೆಲ್‌ಗ್ರೇಡ್‌ನ ಪಾರ್ಟಿಜಾನ್ ತಂಡದಲ್ಲಿದ್ದಾಗ, 1999ರ ನೇಟೊ ಬಾಂಬ್ ದಾಳಿಯಿಂದ ಲೀಗ್ ಅರ್ಧಕ್ಕೇ ನಿಂತು, ಪಾರ್ಟಿಜಾನ್ ಅನ್ನು ಚಾಂಪಿಯನ್ ಎಂದು ಘೋಷಿಸಲಾಯಿತು. ಅವರು ಆಡಲು ಶುರು ಮಾಡಿದಾಗ ದೇಶದ ಹೆಸರು ಯುಗೊಸ್ಲಾವಿಯಾ. 2003ರಲ್ಲಿ ಅದು ಸರ್ಬಿಯಾ ಮತ್ತು ಮಾಂಟೆನೆಗ್ರೊ ಆಯಿತು. 2006ರ ಜೂನ್‌ನಲ್ಲಿ ಮಾಂಟೆನೆಗ್ರೊ ಬೇರೆಯಾಗಿ ಎರಡು ವಾರವೂ ಕಳೆದಿರಲಿಲ್ಲ, ಆ ಹಳೆಯ ಹೆಸರಿನ ತಂಡವೇ ವಿಶ್ವಕಪ್‌ನಲ್ಲಿ ಅರ್ಜೆಂಟೀನಾ ಎದುರು 6-0ಯಿಂದ ಸೋತಿತು. ಕೆಜ್ಮನ್‌ಗೆ ಆ ಪಂದ್ಯದಲ್ಲಿ ಕೆಂಪು ಕಾರ್ಡ್.

ಅದಕ್ಕೂ ಮೊದಲು ಅವರ ಒಳ್ಳೆಯ ಕಾಲ ನೆದರ್ಲೆಂಡ್ಸ್‌ನ ಪಿಎಸ್‌ವಿಯಲ್ಲಿ ಕಳೆದಿತ್ತು. 2000ದಿಂದ 2004ರವರೆಗೆ 122 ಲೀಗ್ ಪಂದ್ಯ, 105 ಗೋಲು. ನಾಲ್ಕು ಋತುಗಳಲ್ಲಿ ಮೂರು ಬಾರಿ ಲೀಗ್‌ನ ಅತಿ ಹೆಚ್ಚು ಗೋಲಿನ ಆಟಗಾರ. ಇಷ್ಟು ಹೊಡೆದವನನ್ನು ಯಾರು ಬಿಡುತ್ತಾರೆ? ಚೆಲ್ಸಿ ಕೊಂಡುಕೊಂಡಿತು.

ಲಂಡನ್‌ನಲ್ಲಿ ಆ ಕಾಲು ಓಡಲಿಲ್ಲ. 25 ಲೀಗ್ ಪಂದ್ಯಗಳಲ್ಲಿ 4 ಗೋಲು. ಹಲವು ಸಲ ಬೆಂಚಿನ ಮೇಲೆ ಕೂತು ಕೊನೆಯ ಕೆಲವು ನಿಮಿಷಗಳಿಗಾಗಿ ಕಾಯುವುದು. ಒಂದೇ ಒಂದು ಸಂಜೆ ಅದೃಷ್ಟ ಒಲಿಯಿತು. 2005ರ ಫೆಬ್ರುವರಿ 27, ಕಾರ್ಡಿಫ್, ಲೀಗ್ ಕಪ್ ಫೈನಲ್, ಎದುರಿಗೆ ಲಿವರ್‌ಪೂಲ್. ಬದಲಿ ಆಟಗಾರನಾಗಿ ಇಳಿದ ಕೆಜ್ಮನ್ ಹೆಚ್ಚುವರಿ ಸಮಯದಲ್ಲಿ ಗೋಲಿನ ಬಾಯಲ್ಲೇ ಸಿಕ್ಕ ಚೆಂಡನ್ನು ಒಳಗೆ ತಳ್ಳಿದರು. ನೋಡಲು ಚೆಂದದ ಗೋಲೇನಲ್ಲ. ಮರುನಿಮಿಷವೇ ಲಿವರ್‌ಪೂಲ್ ಒಂದನ್ನು ಹೊಡೆದು 3-2ಕ್ಕೆ ತಂದಿತು, ಅಲ್ಲಿಗೇ ಆಟ ಮುಗಿಯಿತು. ತರಬೇತುದಾರ ಮೊರಿನ್ಯೊ ಅವರ ಚೆಲ್ಸಿಗೆ ಮೊದಲ ಕಪ್ ಕೊಡಿಸಿದ್ದು ಕೆಜ್ಮನ್ ಅವರ ಆ ಗೋಲು. ಆ ಬೇಸಿಗೆಯಲ್ಲೇ ಕೆಜ್ಮನ್ ಅವರನ್ನು ಮಾರಿದರು.

ಅಟ್ಲೆಟಿಕೊ ಮ್ಯಾಡ್ರಿಡ್‌ನಲ್ಲಿ ಒಂದು ಋತು. ಟರ್ಕಿಯ ಫೆನರ್‌ಬಾಚೆಯಲ್ಲಿ, ಆ ಕ್ಲಬ್‌ಗೆ ನೂರು ತುಂಬಿದ ಋತುವಿನಲ್ಲಿ, ಲೀಗ್ ಪ್ರಶಸ್ತಿ. ಆಮೇಲೆ ಪ್ಯಾರಿಸ್. 2009ರ ಫೆಬ್ರುವರಿಯಲ್ಲಿ ಬೋರ್ಡೊ ವಿರುದ್ಧ ತವರಿನಲ್ಲೇ 0-3 ಸೋಲು. ಆಟದ ನಡುವೆ ಹೊರಗೆ ಕರೆಸಿಕೊಂಡಾಗ ಸ್ವಂತ ತಂಡದ ಪ್ರೇಕ್ಷಕರೇ ಕೂಗಿ ಹಳಿದರು. ಕೆಜ್ಮನ್ ಜೆರ್ಸಿ ಕಳಚಿ ನೆಲಕ್ಕೆಸೆದರು. ಆ ಜೆರ್ಸಿಗೆ ಗೌರವ ಸಲ್ಲಬೇಕಿತ್ತು, ಒಪ್ಪುತ್ತೇನೆ. ಆದರೆ ಅದನ್ನು ಬರೀ ಪೊಗರು ಎನ್ನಲು ನನಗೆ ಮನಸ್ಸು ಬಾರದು. ಐದು ವರ್ಷಗಳಲ್ಲಿ ನಾಲ್ಕನೇ ದೇಶ, ನಾಲ್ಕನೇ ಭಾಷೆ. ಪ್ರತಿ ಊರಲ್ಲೂ ಪಿಎಸ್‌ವಿಯ ಆ 105 ಗೋಲುಗಳನ್ನೇ ಮುಂದಿಟ್ಟು ಲೆಕ್ಕ ಕೇಳುವ ಜನ. ಕೆಲವೇ ತಿಂಗಳಲ್ಲಿ ಲೋನ್ ಮೇಲೆ ರಷ್ಯಾದ ಜೆನಿತ್‌ಗೆ ಕಳಿಸಿದರು. ಹಾಂಗ್‌ಕಾಂಗ್, ಬೆಲಾರೂಸ್ ಮುಗಿಸಿ 2012ರಲ್ಲಿ ಆಟ ಬಿಟ್ಟರು.

ಏಜೆಂಟ್ ಆಗಿ ಅವರ ಹೆಸರು ಹೆಚ್ಚು ಕೇಳಿಬಂದದ್ದು ಮಿಡ್‌ಫೀಲ್ಡರ್ ಸೆರ್ಗೆ ಮಿಲಿಂಕೋವಿಚ್-ಸಾವಿಚ್ ಜೊತೆಗೆ. 2015ರಲ್ಲಿ, ಇಪ್ಪತ್ತರ ಆ ಹುಡುಗ ಬೆಲ್ಜಿಯಂನಿಂದ ಇಟಲಿಗೆ ಬಂದು, ಫಿಯೊರೆಂಟಿನಾ ಕ್ಲಬ್‌ನ ಕಚೇರಿವರೆಗೂ ಹೋಗಿ, ಸಹಿ ಹಾಕದೆ ಎದ್ದು ಬಂದ. ಸೇರಿದ್ದು ರೋಮ್‌ನ ಲಾಜಿಯೊವನ್ನು. ಅಲ್ಲಿ ಎಂಟು ವರ್ಷ ನಿಂತ, 2019ರ ಇಟಾಲಿಯನ್ ಕಪ್ ಫೈನಲ್‌ನಲ್ಲಿ ಗೋಲು ಹೊಡೆದ, 2023ರಲ್ಲಿ ಸೌದಿಯ ಅಲ್ ಹಿಲಾಲ್‌ಗೆ ಹೋದ. ಆಟಗಾರ ಕ್ಲಬ್ ಬದಲಿಸಿದಾಗಲೇ ಏಜೆಂಟನ ಜೇಬು ಚೆನ್ನಾಗಿ ತುಂಬುವುದು. ತಾವು ಯಾವ ಕ್ಲಬ್‌ನಲ್ಲೂ ನಾಲ್ಕು ವರ್ಷ ದಾಟದ ಕೆಜ್ಮನ್ ಅವರ ಆಟಗಾರ ಒಂದೇ ಕಡೆ ಎಂಟು ವರ್ಷ ನೆಲೆ ನಿಂತದ್ದು ನನಗೆ ದೊಡ್ಡದಾಗಿ ಕಾಣುತ್ತದೆ. ಲಾಜಿಯೊ ಅಧ್ಯಕ್ಷರು ಬೆಲೆ ಇಳಿಸದಿದ್ದದ್ದೂ ಒಂದು ಕಾರಣ, ನಿಜ.

ಆದರೆ ಏಜೆಂಟರ ಒಳ್ಳೆಯ ಮನಸ್ಸನ್ನೇ ನಂಬಿ ಕೂರುವಂತಿಲ್ಲ, ನಿಯಮವೂ ಬೇಕು. 2015ರಲ್ಲಿ ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾ ಏಜೆಂಟರ ಲೈಸೆನ್ಸ್ ಪದ್ಧತಿಯನ್ನೇ ಕೈಬಿಟ್ಟಿತ್ತು. 2023ರಲ್ಲಿ ಮತ್ತೆ ಪರೀಕ್ಷೆ ತಂದಿತು: 20 ಪ್ರಶ್ನೆ, ಒಂದು ಗಂಟೆ, ಪಾಸಾಗಲು ನೂರಕ್ಕೆ 75. ಆಟಗಾರನ ಏಜೆಂಟನಿಗೆ ವರ್ಷಕ್ಕೆ 2 ಲಕ್ಷ ಡಾಲರ್‌ವರೆಗಿನ ಸಂಬಳದಲ್ಲಿ ಶೇ 5, ಅದಕ್ಕೂ ಮೇಲಿನದರಲ್ಲಿ ಶೇ 3 ಎಂಬ ಮಿತಿ. ಮಾರುವ ಕ್ಲಬ್‌ನ ಏಜೆಂಟನಿಗಾದರೋ ವರ್ಗಾವಣೆ ಹಣದ ಶೇ 10ರವರೆಗೆ. ಆಟಗಾರನ ಬೆನ್ನಿಗೆ ನಿಂತವನಿಗಿಂತ ಅವನನ್ನು ಸಾಗಹಾಕಿದವನಿಗೆ ಹೆಚ್ಚು ಪಾಲು ಎಂಬುದು ನನಗೆ ಒಪ್ಪಿಗೆಯಿಲ್ಲ. ಏಜೆಂಟರು ಕೋರ್ಟಿಗೆ ಹೋದರು. ಜರ್ಮನಿಯ ಕೋರ್ಟೊಂದು ತಡೆಯಾಜ್ಞೆ ಕೊಟ್ಟ ಮೇಲೆ, ಆ ವರ್ಷದ ಡಿಸೆಂಬರ್‌ನಲ್ಲಿ ಫಿಫಾ ಶುಲ್ಕದ ಮಿತಿಯನ್ನು ಜಗತ್ತಿನಾದ್ಯಂತ ತಡೆಹಿಡಿಯಿತು.

ಏಜೆಂಟರ ಈ ವಿಷಯ ದೂರದೂರಿನ ಮಾತಲ್ಲ. ಪರದೇಶದ ಆಟಗಾರರು ನಮ್ಮಲ್ಲಿಗೂ ಬರುತ್ತಾರೆ. ಬೆಂಗಳೂರು ಎಫ್‌ಸಿಗೆ ಆಡಿದ ಮಾಂಟೆನೆಗ್ರೊದ ಸ್ಲಾವ್ಕೊ ದಾಮ್ಯಾನೊವಿಚ್ ಅದಕ್ಕೂ ಮೊದಲು ಚೆನ್ನೈ, ಕೋಲ್ಕತ್ತದ ತಂಡಗಳಲ್ಲಿದ್ದವರು. ನಮ್ಮ ಹುಡುಗರೂ ಈಗ ಕರಾರಿಗೆ ಸಹಿ ಹಾಕುತ್ತಿದ್ದಾರೆ. ಮಕ್ಕಳನ್ನು ಆಟಕ್ಕೆ ಕಳಿಸುವ ತಂದೆತಾಯಿಯರು ಫಿಫಾ ನಿಯಮದ ಈ ಮೂರು ವಿಷಯ ಗಮನಿಸಬೇಕು. ಆಟಗಾರನ ಜೊತೆ ಏಜೆಂಟ್ ಮಾಡಿಕೊಳ್ಳುವ ಒಪ್ಪಂದ ಎರಡು ವರ್ಷ ಮೀರುವಂತಿಲ್ಲ. ಅಪ್ರಾಪ್ತ ವಯಸ್ಸಿನವರ ಬಳಿ ಬರಲು ಪೋಷಕರ ಲಿಖಿತ ಒಪ್ಪಿಗೆ ಬೇಕು. ಸಹಿಗೆ ಮೊದಲು ಬೇರೆ ವಕೀಲರ ಸಲಹೆ ಪಡೆಯಬಹುದೆಂದು ಏಜೆಂಟನೇ ಬರವಣಿಗೆಯಲ್ಲಿ ತಿಳಿಸಬೇಕು.