ನಾಣಿ ಮತ್ತು ಯಮುನಕ್ಕ

(ಸಂಘದ ವಾರ್ಷಿಕ ಕೂಟದಲ್ಲಿ ಪೋಷಕರನ್ನೂ ವಿದ್ಯಾರ್ಥಿಗಳನ್ನೂ ಉದ್ದೇಶಿಸಿ ಮಾಡಿದ ಭಾಷಣ)



ಚಲನಚಿತ್ರವೊಂದರ ವಿಷಯವಾಗಿ ನಾಲ್ಕು ಮಾತನಾಡಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದಾಗ ನಾವು ಮೊದಲು ಹಿಂಜರಿದೆವು. ವಿದ್ಯಾಶಾಲೆಯ ವೇದಿಕೆಯಲ್ಲಿ ನಿಂತು ಸಿನಿಮಾ ಕಥೆ ಹೇಳುವುದು ಹಿರಿಯರಿಗೆ ಸರಿದೋರೀತೆ ಎಂಬ ಅಳುಕು ಒಂದು ಕಡೆ. ನಮ್ಮ ಮನಸ್ಸಿನಲ್ಲಿದ್ದ ಚಿತ್ರವಾದರೋ ನಗಿಸುವಂಥದಲ್ಲ, ಹಾಡು ಕುಣಿತಗಳುಳ್ಳದ್ದೂ ಅಲ್ಲ ಎಂಬ ಸಂಕೋಚ ಇನ್ನೊಂದು ಕಡೆ. ಆದರೂ ಒಪ್ಪಿಕೊಂಡೆವು. ಅದರ ಕಾರಣವನ್ನು ಮುಂದೆ ತಿಳಿಸುತ್ತೇವೆ.

ಈ ಕಾಂಗೇಯಂ ಸೀಮೆಯಲ್ಲಿ ಬಾಳುವವರಿಗೆ ದನಕರುಗಳ ಸ್ವಭಾವವನ್ನು ಯಾರೂ ಹೇಳಿಕೊಡಬೇಕಾದ್ದಿಲ್ಲ. ಕಣ್ಣಪುರದ ಜಾತ್ರೆಯಲ್ಲಿ ಹೋರಿಯನ್ನೋ ಹಸುವನ್ನೋ ಕೊಂಡುತಂದು ಹೊಸ ಕೊಟ್ಟಿಗೆಯಲ್ಲಿ ಕಟ್ಟಿದವರು ಕಂಡೇ ಇದ್ದೀರಿ: ಮೊದಲ ಒಂದೆರಡು ದಿನ ಅದು ಮೇವಿಗೆ ಬಾಯಿಡಲೊಲ್ಲದು. ಬಂದ ದಾರಿಯ ಕಡೆಗೇ ಮುಖಮಾಡಿ ನಿಲ್ಲುತ್ತದೆ, ಕೂಗುತ್ತದೆ. ಬಲ್ಲ ರೈತ ಅದನ್ನು ಗದರಿಸುವುದಿಲ್ಲ. ಕೊಟ್ಟಿಗೆಯ ಸಾಧುವಾದ ಹಳೆಯ ಹಸುವಿನ ಮಗ್ಗುಲಿಗೆ ಅದನ್ನು ಕಟ್ಟಿ ತನ್ನ ಕೆಲಸಕ್ಕೆ ಹೋಗುತ್ತಾನೆ. ಸಂಜೆಯ ಹೊತ್ತಿಗೆ ಎರಡೂ ಒಂದೇ ಗೋದಲೆಯಲ್ಲಿ ಮೂತಿಯಿಟ್ಟಿರುತ್ತವೆ.

ನಮ್ಮ ಮಕ್ಕಳ ವಿಷಯದಲ್ಲಿ ನಾವು ಅಷ್ಟು ಜಾಣರಲ್ಲ. ತಾಳವಾಡಿಯ ಕಡೆಯಿಂದ ದಿಂಬಂ ಘಟ್ಟವಿಳಿದು ಬಂದು ತಿರುಪ್ಪೂರಿನ ಬನಿಯನ್ ಕಾರ್ಖಾನೆಗಳಲ್ಲಿಯೋ, ಇಲ್ಲಿಯ ಎಣ್ಣೆ ಗಿರಣಿ ಅಕ್ಕಿ ಗಿರಣಿಗಳಲ್ಲಿಯೋ ಕೆಲಸಕ್ಕೆ ನಿಂತವರು ನಮ್ಮ ನಡುವೆ ಇದ್ದಾರೆ. ಅವರ ಮಕ್ಕಳಿಗೆ ಬೀದಿಯ ಮಾತು ಒಂದು, ಮನೆಯ ಮಾತು ಒಂದು. ಓದಿಗಾಗಿ ನೆಂಟರ ಮನೆಯಲ್ಲಿಯೋ ವಿದ್ಯಾರ್ಥಿನಿಲಯದಲ್ಲಿಯೋ ಮಗುವನ್ನು ಬಿಟ್ಟು, ‘ನಾಲ್ಕು ದಿನ ಅಳುತ್ತಾನೆ, ಆಮೇಲೆ ಹೊಂದಿಕೊಳ್ಳುತ್ತಾನೆ’ ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡು ಬಸ್ಸು ಹತ್ತಿದ ತಂದೆಯರು ಈ ಸಭೆಯಲ್ಲಿ ಎಷ್ಟು ಮಂದಿ ಇದ್ದಾರೋ! ಆ ನಾಲ್ಕು ದಿನ ಹೇಗೆ ಕಳೆಯಿತೆಂದು ಆ ಮಗುವನ್ನು ಕೇಳಿದವರು ಎಷ್ಟು ಮಂದಿಯೋ!

ನಾವು ಹೇಳಹೊರಟ ಚಿತ್ರವೂ ಹಾಗೆ ಬಿಟ್ಟುಹೋದ ಒಬ್ಬ ಬಾಲಕನದು. ಅದರ ಹೆಸರು ‘ಘಟಶ್ರಾದ್ಧ’. 1977ರಲ್ಲಿ ತಯಾರಾದುದು. ಯು. ಆರ್. ಅನಂತಮೂರ್ತಿಯವರ ಕಥೆಯನ್ನು ಆಧರಿಸಿ ಗಿರೀಶ ಕಾಸರವಳ್ಳಿಯವರು ನಿರ್ದೇಶಿಸಿದರು. ಇಬ್ಬರೂ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಹುಟ್ಟಿದವರು. ಆ ಮಲೆನಾಡಿನ ಮಳೆ, ಮರ, ಮನೆ, ಮಡಿ ಎಲ್ಲವನ್ನೂ ಒಳಗಿನಿಂದ ಬಲ್ಲವರು. ಪುಣೆಯ ಚಲನಚಿತ್ರ ಸಂಸ್ಥೆಯಲ್ಲಿ ವ್ಯಾಸಂಗ ಮುಗಿಸಿ ಬಂದ ಕಾಸರವಳ್ಳಿಯವರಿಗೆ ಇದು ಮೊದಲನೆಯ ಕಥಾಚಿತ್ರ. ವಯಸ್ಸು ಇನ್ನೂ ಮೂವತ್ತು ತುಂಬಿರಲಿಲ್ಲ. ಸದಾನಂದ ಸುವರ್ಣರು ನಿರ್ಮಾಪಕರು, ಎಸ್. ರಾಮಚಂದ್ರರು ಛಾಯಾಗ್ರಾಹಕರು, ಬಿ. ವಿ. ಕಾರಂತರದು ಸಂಗೀತ. ಚಿತ್ರ ಪೂರ್ತಿ ಕಪ್ಪು ಬಿಳುಪಿನದು. ಆ ವರ್ಷದ ಅತ್ಯುತ್ತಮ ಚಿತ್ರವೆಂದು ಅದಕ್ಕೆ ರಾಷ್ಟ್ರದ ಸ್ವರ್ಣಕಮಲ ಬಂದಿತು. ಕಾರಂತರಿಗೆ ಸಂಗೀತಕ್ಕಾಗಿ, ಬಾಲಕನ ಪಾತ್ರವನ್ನು ವಹಿಸಿದ ಅಜಿತ್ ಕುಮಾರನಿಗೆ ಬಾಲನಟನೆಗಾಗಿ ಪ್ರಶಸ್ತಿಗಳು ದೊರೆತವು. ಪ್ರಶಸ್ತಿಯ ಮಾತು ಇಷ್ಟು ಸಾಕು.

ಕಥೆ ಹೀಗಿದೆ. ಉಡುಪರೆಂಬ ವೃದ್ಧರು ತಮ್ಮ ಮನೆಯಲ್ಲಿಯೇ ವೇದಪಾಠಶಾಲೆಯೊಂದನ್ನು ನಡೆಸುತ್ತಿದ್ದಾರೆ. ನಾಣಿ ಎಂಬ ಚಿಕ್ಕ ವಟುವನ್ನು ಅವನ ತಂದೆ ಅಲ್ಲಿಗೆ ತಂದು ಬಿಡುತ್ತಾರೆ. ಅವನಿಗೆ ಮನೆಯ ಹಂಬಲ. ಮಂತ್ರ ಬಾಯಿಗೆ ಬರುವುದಿಲ್ಲ. ದೊಡ್ಡ ಹುಡುಗರು ಅವನನ್ನು ಹೆದರಿಸುತ್ತಾರೆ, ಗೋಳುಹೊಯ್ದುಕೊಳ್ಳುತ್ತಾರೆ. ಆ ಮನೆಯಲ್ಲಿ ಅವನ ಮೇಲೆ ಕನಿಕರವಿಟ್ಟು ನೋಡುವವಳು ಒಬ್ಬಳೇ: ಉಡುಪರ ಮಗಳು, ಎಳೆಯ ವಯಸ್ಸಿನಲ್ಲಿಯೇ ವಿಧವೆಯಾಗಿ ತೌರಿನಲ್ಲಿ ಉಳಿದ ಯಮುನೆ. ಬಾಲಕನಿಗೆ ಅವಳು ಯಮುನಕ್ಕ. ಆ ಪಾತ್ರವನ್ನು ವಹಿಸಿದವರು ಮೀನಾ ಕುಟ್ಟಪ್ಪ. ಅವರ ಮುಖದಲ್ಲಿ ಅಳುವಿಗಿಂತ ಅಳುವನ್ನು ತಡೆದುಕೊಳ್ಳುವುದೇ ಹೆಚ್ಚಾಗಿ ಕಾಣುತ್ತದೆ.

ಅವಳಿಗೂ ಅವನಿಗೂ ರಕ್ತಸಂಬಂಧವಿಲ್ಲ. ನಿನ್ನೆಯ ತನಕ ಒಬ್ಬರನ್ನೊಬ್ಬರು ಕಂಡವರಲ್ಲ. ಅವನು ಮನೆಯನ್ನು ಬಿಟ್ಟು ಬಂದವನು. ಅವಳು ಮನೆಯಲ್ಲಿದ್ದೂ ಮನೆಯಿಲ್ಲದವಳು. ಮೊದಮೊದಲು ಆಸರೆ ಕೊಡುವವಳು ಅವಳು, ಪಡೆಯುವವನು ಅವನು. ಚಿತ್ರ ನಡೆದಂತೆಲ್ಲ ಅದು ತಿರುಗುಮುರುಗಾಗುತ್ತದೆ. ಯಾವ ಗಳಿಗೆಯಲ್ಲಿ ತಿರುಗಿತೆಂದು ನಾವು ಎರಡು ಸಲ ನೋಡಿಯೂ ಹೇಳಲಾರೆವು.

ಉಡುಪರು ಪಾಠಶಾಲೆಗಾಗಿ ಹಣ ಕೂಡಿಸಲು ಪರಸ್ಥಳಕ್ಕೆ ಹೋಗುತ್ತಾರೆ. ಯಮುನೆ ಗರ್ಭಿಣಿಯಾಗಿದ್ದಾಳೆಂಬ ಸಂಗತಿ ಊರಿಗೆ ಮೆಲ್ಲನೆ ತಿಳಿಯುತ್ತದೆ. ಆಕೆ ನಂಬಿದ್ದ ಶಾಲಾ ಉಪಾಧ್ಯಾಯ ಆಕೆಯ ಕೈಬಿಡುತ್ತಾನೆ. (ಉಪಾಧ್ಯಾಯರಾದ ನಮ್ಮಂಥವರು ಈ ಪಾತ್ರವನ್ನು ನೋಡಿ ತಲೆ ತಗ್ಗಿಸಬೇಕಾಗುತ್ತದೆ.) ಮುಂದೆ ಬರುವ ಕೆಲವು ಭಾಗಗಳು ಕಠಿನವಾದುವು. ಅವನ್ನು ಈ ವೇದಿಕೆಯಲ್ಲಿ ವಿವರಿಸುವುದಿಲ್ಲ. ದೊಡ್ಡ ತರಗತಿಯವರು ತಂದೆತಾಯಿಗಳ ಪಕ್ಕದಲ್ಲಿ ಕುಳಿತು ನೋಡುವುದು ಲೇಸು. ಒಂದು ರಾತ್ರಿ ಬಾಳೇ ಬೇಡವೆಂದು ಆಕೆ ಹಾವಿನ ಹುತ್ತಕ್ಕೆ ಕೈಯೊಡ್ಡುವಷ್ಟು ನೊಂದಿದ್ದಾಳೆ ಎಂದರೆ ಉಳಿದುದನ್ನು ಊಹಿಸಿಕೊಳ್ಳಬಹುದು.

ಆ ದಿನಗಳಲ್ಲಿ ಆಕೆಯ ಜೊತೆಗಿರುವವನು ನಾಣಿ. ಅವನು ಏನು ಮಾಡಬಲ್ಲ? ಕತ್ತಲೆಗೆ ಹೆದರುವ ಹುಡುಗ. ಊರಿನ ಹಿರಿಯರೆದುರು ಬಾಯಿ ತೆರೆಯಲಾರದವನು. ನಡೆಯುತ್ತಿರುವುದೇನೆಂದು ಅವನಿಗೆ ಪೂರ್ತಿಯಾಗಿ ತಿಳಿಯುವುದೂ ಇಲ್ಲ. ಬೇರೆ ಚಿತ್ರಗಳಲ್ಲಾಗಿದ್ದರೆ ಅವನು ಓಡಿಹೋಗಿ ಯಾರನ್ನೋ ಕರೆತಂದು ಅಕ್ಕನನ್ನು ಪಾರುಮಾಡುತ್ತಿದ್ದ. ಚಾರ್ಲಿ ಚಾಪ್ಲಿನ್ನನ ‘ದಿ ಕಿಡ್’ ಎಂಬ 1921ರ ಮೂಕಚಿತ್ರವನ್ನು ನಿಮ್ಮಲ್ಲಿ ಹಲವರು ನೋಡಿದ್ದೀರಿ: ಅಲ್ಲಿಯೂ ಗತಿಗೆಟ್ಟ ಒಬ್ಬ ಅಲೆಮಾರಿಗೆ ದಿಕ್ಕಿಲ್ಲದ ಕೂಸು ಆಸರೆಯಾಗುತ್ತದೆ, ಕೂಸಿಗೆ ಅವನು; ಕೊನೆಗೆ ಬಾಗಿಲು ತೆರೆಯುತ್ತದೆ, ಎಲ್ಲವೂ ಸುಖವಾಗುತ್ತದೆ. ಕಾಸರವಳ್ಳಿಯವರು ಅಂಥ ಬಾಗಿಲನ್ನು ತೆರೆಯುವುದಿಲ್ಲ. ನಾಣಿ ಆಕೆಯ ಪಕ್ಕದಲ್ಲಿರುತ್ತಾನೆ, ಅಷ್ಟೆ. ಇತರರು ಒಬ್ಬೊಬ್ಬರಾಗಿ ದೂರ ಸರಿದ ಮನೆಯಲ್ಲಿ ಆ ‘ಅಷ್ಟೆ’ ಎಂಬುದಕ್ಕೆ ಎಷ್ಟು ತೂಕ ಬರುತ್ತದೆಂಬುದನ್ನು ನೋಡಿಯೇ ತಿಳಿಯಬೇಕು.

ತಂದೆ ಹಿಂದಿರುಗಿ ಬಂದು, ಬದುಕಿರುವ ಮಗಳಿಗೆ ಶ್ರಾದ್ಧ ಮಾಡುತ್ತಾರೆ. ಮಣ್ಣಿನ ಗಡಿಗೆಯೊಂದನ್ನು ಆಕೆಯೆಂದು ಭಾವಿಸಿ, ಸತ್ತವರಿಗೆ ಮಾಡುವ ಕ್ರಿಯೆಗಳನ್ನು ಅದಕ್ಕೆ ಮಾಡಿ, ಒಡೆಯುವುದು. ಅಲ್ಲಿಗೆ ಆಕೆ ಕುಲಕ್ಕೂ ಮನೆಗೂ ಸತ್ತಂತೆ. ಇದೇ ಘಟಶ್ರಾದ್ಧ. ಆಕೆಯ ತಲೆ ಬೋಳಿಸುತ್ತಾರೆ. ಅತ್ತ ಆ ವೃದ್ಧ ತಂದೆಗೇ ಎಳೆಯ ಹುಡುಗಿಯೊಬ್ಬಳೊಡನೆ ಮರುಮದುವೆಯ ಮಾತು ನಡೆಯುತ್ತಿರುತ್ತದೆ! ಇದನ್ನು ಚಿತ್ರ ಎತ್ತಿ ಆಡುವುದಿಲ್ಲ. ಹೇಳಿ ಮುಂದೆ ಹೋಗುತ್ತದೆ. ನಾಣಿಯ ತಂದೆ ಬಂದು ಮಗನನ್ನು ಕರೆದುಕೊಂಡು ಹೊರಡುತ್ತಾರೆ. ಮರದ ಕೆಳಗೆ ಯಮುನಕ್ಕ ಒಬ್ಬಳೇ ಕುಳಿತಿದ್ದಾಳೆ. ಬಾಲಕ ನೋಡುತ್ತಾನೆ. ಚಿತ್ರ ಮುಗಿಯುತ್ತದೆ.

ಈಗ, ನಾವೇಕೆ ಈ ಭಾಷಣಕ್ಕೆ ಒಪ್ಪಿಕೊಂಡೆವೆಂಬುದನ್ನು ತಿಳಿಸಬೇಕು. ಹೇಳಲು ಸುಲಭವಾದ ಸಂಗತಿಯಲ್ಲ.

ಸುಮಾರು ಐವತ್ತು ವರ್ಷಗಳ ಹಿಂದೆ, ಹತ್ತನೆಯ ವಯಸ್ಸಿನಲ್ಲಿ, ನಮ್ಮನ್ನೂ ಒಂದು ವಿದ್ಯಾರ್ಥಿನಿಲಯದಲ್ಲಿ ಬಿಟ್ಟಿದ್ದರು. ಊರಿನ ಹೆಸರು ಬೇಡ. ರಾತ್ರಿ ಹಿತ್ತಲಿಗೆ ಹೋಗಲು ನಮಗೆ ಭಯ. ದೊಡ್ಡ ಹುಡುಗರು ಬಾವಿಯ ಹತ್ತಿರ ಭೂತವಿದೆಯೆಂದು ಹೇಳಿ ಆ ಭಯವನ್ನು ಬೆಳೆಸಿದ್ದರು. ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದ ಒಬ್ಬ ಹೆಂಗಸು ಇದನ್ನು ಕಂಡು, ಕೆಲಸ ಮುಗಿಸಿ ಮನೆಗೆ ಹೋಗುವ ಮುಂಚೆ ಲಾಂದ್ರ ಹಿಡಿದು ನಮ್ಮ ಜೊತೆಗೆ ಬರುತ್ತಿದ್ದಳು. ಮಾತು ಹೆಚ್ಚಿಲ್ಲ. ‘ಹೋಗಿ ಬಾ ಮಗ, ಇಲ್ಲೇ ನಿಂತಿರ್ತೀನಿ’ ಎನ್ನುವಳು, ನಿಂತಿರುವಳು. ಅವಳ ಗಂಡ ಹಾಸಿಗೆ ಹಿಡಿದಿದ್ದ. ಮಗ ದೂರದೂರಿಗೆ ಕೂಲಿಗೆ ಹೋಗಿದ್ದ. ಎರಡು ಮೂರು ತಿಂಗಳಿಗೊಮ್ಮೆ ಇನ್‌ಲ್ಯಾಂಡ್ ಪತ್ರ ಬರುತ್ತಿತ್ತು. ಅವಳಿಗೆ ಓದು ಬಾರದು. ಸೆರಗಿನಲ್ಲಿ ಗಂಟು ಹಾಕಿಕೊಂಡು ತಂದ ಪತ್ರವನ್ನು ನಾವು ಲಾಂದ್ರದ ಬೆಳಕಿನಲ್ಲಿ ಓದಿ ಹೇಳುತ್ತಿದ್ದೆವು. ಅವಳು ಹೇಳಿದ್ದನ್ನು ಬರೆದುಕೊಡುತ್ತಿದ್ದೆವು. ನಮ್ಮ ಕೈಬರಹ ಆ ವರ್ಷ ತಿದ್ದಿದ್ದು ಗುರುಗಳ ಬೆತ್ತದಿಂದಲ್ಲ, ಆ ಪತ್ರಗಳಿಂದ.

ಒಂದು ದಿನ ಉಗ್ರಾಣದಲ್ಲಿ ತೆಂಗಿನಕಾಯಿಗಳು ಕಡಮೆಯಾಗಿವೆಯೆಂದು ಗದ್ದಲವೆದ್ದಿತು. ತೆಗೆದವರು ದೊಡ್ಡ ಹುಡುಗರು. ನಾವು ಕಣ್ಣಾರೆ ಕಂಡಿದ್ದೆವು. ಅವರೂ ನಮ್ಮನ್ನು ಕಂಡಿದ್ದರು. ಬಾಯಿಬಿಟ್ಟರೆ ಬಾವಿಗೆ ನೂಕುವುದಾಗಿ ಹೆದರಿಸಿದ್ದರು. ಆರೋಪ ಅವಳ ಮೇಲೆ ಬಂದಿತು. ಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿ ‘ಯಾರಾದರೂ ಕಂಡಿರಾ?’ ಎಂದು ಕೇಳಿದರು. ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ನಾವು ನೆಲ ನೋಡುತ್ತ ನಿಂತೆವು. ಅವತ್ತೇ ಅವಳ ಕೆಲಸ ಹೋಯಿತು.

ವಾರದ ಮೇಲೆ ಸಂಜೆ ಅವಳು ಗೇಟಿನ ಹತ್ತಿರ ಬಂದಳು. ಕೈಯಲ್ಲಿ ನೀಲಿ ಕಾಗದ. ಕಾವಲಿನವನು ಒಳಗೆ ಬಿಡಲಿಲ್ಲ. ನಾವು ಕಿಟಕಿಯ ಹಿಂದೆ ಇದ್ದೆವು. ಸ್ವಲ್ಪ ಹೊತ್ತು ನಿಂತಿದ್ದು ಹೊರಟುಹೋದಳು. ಆ ಪತ್ರವನ್ನು ಓದಿ ಹೇಳಿದವರು ಯಾರೋ, ಅದರಲ್ಲಿ ಏನಿತ್ತೋ ನಮಗೆ ತಿಳಿಯದು.

‘ಘಟಶ್ರಾದ್ಧ’ವನ್ನು ನೋಡುವಾಗ ನಾಣಿಯ ಮೇಲೆ ನಮಗೆ ಬಂದದ್ದು ಮರುಕವಲ್ಲ, ಒಂದು ಬಗೆಯ ಅಸೂಯೆ. ಹೆದರಿಕೆಯಲ್ಲಿ ಅವನು ನಮಗಿಂತ ಕಡಮೆಯವನಲ್ಲ. ಬಲದಲ್ಲಿ ಹೆಚ್ಚಿನವನೂ ಅಲ್ಲ. ಆದರೂ ಅವನು ಆಕೆಯನ್ನು ಬಿಟ್ಟು ತಾನಾಗಿ ಹೋಗಲಿಲ್ಲ, ಕರೆದೊಯ್ದರು, ಹೋದ. ಈ ಅಂತರ ಚಿಕ್ಕದೆಂದು ನಮಗೆ ಯಾರಾದರೂ ತೋರಿಸಿಕೊಟ್ಟರೆ ಉಪಕಾರವಾದೀತು.

ಚಿತ್ರದ ಮೌನದ ವಿಷಯವಾಗಿಯೂ ಒಂದು ಮಾತು. ಇಲ್ಲಿ ಯಾರೂ ದೀರ್ಘ ಸಂಭಾಷಣೆಗಳಲ್ಲಿ ತಮ್ಮ ದುಃಖವನ್ನು ತೋಡಿಕೊಳ್ಳುವುದಿಲ್ಲ. ಕಾರಂತರ ಸಂಗೀತವೂ ನಮ್ಮನ್ನು ಅಳಿಸಲು ಹವಣಿಸುವುದಿಲ್ಲ. ಮೊದಲ ಅರ್ಧ ಗಂಟೆ ಬೇಸರವಾಗಬಹುದು. ನಮಗೂ ಆಯಿತೆಂಬುದನ್ನು ಮುಚ್ಚಿಡುವುದಿಲ್ಲ. ಆಮೇಲೆ ಕಣ್ಣು ಪಳಗುತ್ತದೆ. ಕತ್ತಲೆಯ ಕೋಣೆಗೆ ಹೊಕ್ಕವನಿಗೆ ಸ್ವಲ್ಪ ಹೊತ್ತಿನ ಮೇಲೆ ಪಾತ್ರೆಪದಾರ್ಥಗಳು ಕಾಣಿಸಿಕೊಳ್ಳುವುದಿಲ್ಲವೆ, ಹಾಗೆ.

ಹಳೆಯ ಚಿತ್ರದ ಸುರುಳಿಗಳು ಕಾಲಕ್ರಮದಲ್ಲಿ ಕೆಡುತ್ತವೆ. ಅನೇಕ ಕನ್ನಡ ಚಿತ್ರಗಳು ಹೀಗೆಯೇ ನಮಗೆ ಇಲ್ಲವಾಗಿ ಹೋದುವು. ‘ಘಟಶ್ರಾದ್ಧ’ದ ಅದೃಷ್ಟ ಬೇರೆ. ಮುಂಬಯಿಯ ಫಿಲ್ಮ್ ಹೆರಿಟೇಜ್ ಫೌಂಡೇಶನ್ನಿನವರೂ, ಅಮೆರಿಕದ ನಿರ್ದೇಶಕ ಮಾರ್ಟಿನ್ ಸ್ಕಾರ್ಸೆಸೆಯವರು ಸ್ಥಾಪಿಸಿದ ವರ್ಲ್ಡ್ ಸಿನಿಮಾ ಪ್ರಾಜೆಕ್ಟಿನವರೂ ಕೂಡಿ ಅದನ್ನು ಇಟಲಿಯ ಬೊಲೊನ್ಯಾದಲ್ಲಿರುವ ಪ್ರಯೋಗಶಾಲೆಯಲ್ಲಿ ಜೀರ್ಣೋದ್ಧಾರ ಮಾಡಿಸಿದರು. 2024ರಲ್ಲಿ ವೆನಿಸ್ ನಗರದ ಚಿತ್ರೋತ್ಸವದಲ್ಲಿ ಅದನ್ನು ಮತ್ತೆ ತೋರಿಸಲಾಯಿತು. ಮಲೆನಾಡಿನ ಒಂದು ಅಡುಗೆಮನೆಯ ಕನ್ನಡ ನಲವತ್ತೇಳು ವರ್ಷಗಳ ಮೇಲೆ ಸಮುದ್ರದಾಚೆಯ ಜನರ ಕಿವಿಗೆ ಬಿದ್ದಿತು. ಮನೆಯ ಮಾತು ಹೊರಗೆ ಸಾಗದೆಂದು ಸಂಕೋಚಪಡುವ ನಮ್ಮ ಹುಡುಗರು ಇದನ್ನು ತಿಳಿದಿರಲಿ ಎಂದೇ ಹೇಳಿದೆವು.

ಈಚೆಗೆ ನಮ್ಮ ಮನೆಯಲ್ಲಿ ನಾಲ್ಕೈದು ಸಂಸಾರದವರು ಕೂಡಿ ಈ ಚಿತ್ರವನ್ನು ನೋಡಿದೆವು. ಮುಗಿದ ಮೇಲೆ ಕೊನೆಯ ದೃಶ್ಯದ ಮೇಲೆ ಚರ್ಚೆ ನಡೆಯಿತು. ನಾಣಿಯ ತಂದೆ ಮಾಡಿದ್ದು ಸರಿ, ಅಂಥ ಸ್ಥಳದಲ್ಲಿ ಯಾವ ತಂದೆ ತಾನೆ ಮಗನನ್ನು ಬಿಟ್ಟಾನು ಎಂದರು ಗಂಡಸರು. ನಮಗೂ ಹಾಗೆಯೇ ತೋರಿತು. ಮೂಲೆಯಲ್ಲಿ ಕುಳಿತಿದ್ದ ಒಬ್ಬ ತಾಯಿ, ‘ಕರಕೊಂಡು ಹೋಗಲಿ, ಬೇಡ ಅನ್ನಲ್ಲ. ನನ್ನ ಮಗನ್ನ ನೋಡಿಕೊಂಡೆಯಲ್ಲಮ್ಮಾ ಅಂತ ಅವಳಿಗೆ ಒಂದು ಮಾತು ಹೇಳಿ ಹೋಗಬಾರದಿತ್ತಾ?’ ಎಂದರು. ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಅಷ್ಟರಲ್ಲಿ ಏಳನೆಯ ತರಗತಿಯ ಹುಡುಗನೊಬ್ಬ, ‘ದೊಡ್ಡವನಾದ ಮೇಲೆ ನಾಣಿ ಮತ್ತೆ ಅಲ್ಲಿಗೆ ಹೋದನೇ ಸಾರ್?’ ಎಂದು ಕೇಳಿದ. ಚಿತ್ರದಲ್ಲಿ ಅದಿಲ್ಲವೆಂದೆವು. ‘ನೀವಾಗಿದ್ದರೆ ಹೋಗುತ್ತಿದ್ದಿರಾ?’ ಎಂದ.

ನಾವು ಹೋಗಿದ್ದೆವು, ಇಪ್ಪತ್ತೆರಡನೆಯ ವಯಸ್ಸಿನಲ್ಲಿ, ಮೊದಲ ಸಂಬಳ ಬಂದಾಗ. ಅವಳ ಮನೆಯಿದ್ದ ಸಾಲಿನಲ್ಲಿ ಬೇರೆಯವರು ಇದ್ದರು.