ಪಿಕಪ್ ಎತ್ತರವಾದ ಕಥೆ: ಲಿಫ್ಟ್ ಕಿಟ್ ಆರಿಸುವ ಮುನ್ನ

ಪಿಕಪ್ ಗಾಡಿಯನ್ನು ಎತ್ತರಿಸುವ ಲಿಫ್ಟ್ ಕಿಟ್ ಹಾಕಿಸಲು ಹೊರಟವರು ಅಂಗಡಿಯಲ್ಲಿ ಮೊದಲು ಕೇಳುವುದು ಒಂದೇ ಮಾತು: ಎಷ್ಟು ಇಂಚು? ಎರಡೋ, ನಾಲ್ಕೋ, ಆರೋ? ನನ್ನ ಪ್ರಕಾರ ಇದು ಕೊನೆಗೆ ಕೇಳಬೇಕಾದ ಪ್ರಶ್ನೆ. ಯಾಕೆ ಅಂತ ತಿಳಿಯಬೇಕಾದರೆ ಅಮೆರಿಕದಲ್ಲಿ ಈ ಗಾಡಿಗಳು ಹೇಗೆ ಎತ್ತರವಾದವು ಅನ್ನುವುದನ್ನು ನೋಡಬೇಕು.

1925ರಲ್ಲಿ ಫೋರ್ಡ್ ಕಂಪನಿ ಮಾಡೆಲ್ ಟಿ ಕಾರಿನ ಹಿಂಭಾಗಕ್ಕೆ ತೆರೆದ ಪೆಟ್ಟಿಗೆ ಕೂರಿಸಿ, ಕಾರ್ಖಾನೆಯಿಂದಲೇ 281 ಡಾಲರ್‌ಗೆ ಮಾರತೊಡಗಿತು. ಕೆಸರಿನ ಹಳ್ಳಿ ದಾರಿಗೆ ಹುಟ್ಟಿದ ಗಾಡಿ ಅದು. ದೊಡ್ಡ ಚಕ್ರ, ಅಡ್ಡಲಾಗಿ ಕೂತ ಕಮಾನು (ಲೀಫ್ ಸ್ಪ್ರಿಂಗ್), ಕೆಳಗೆ ಧಾರಾಳ ಜಾಗ. ಅದನ್ನು ಯಾರೂ ಎತ್ತರಿಸಬೇಕಾಗಿರಲಿಲ್ಲ. ಆಮೇಲೆ ಡಾಂಬರು ರಸ್ತೆ ಬಂತು, ವೇಗ ಹೆಚ್ಚಿತು, ಗಾಡಿಗಳು ನೆಲಕ್ಕೆ ಹತ್ತಿರವಾದವು.

ಎರಡನೇ ಮಹಾಯುದ್ಧ ಲೆಕ್ಕವನ್ನೇ ಬದಲಿಸಿತು. ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವ ಸೇನಾ ಟ್ರಕ್ ಓಡಿಸಿದ ಹುಡುಗರು ಊರಿಗೆ ಮರಳಿದಾಗ ಹೊಲಕ್ಕೂ ಕಾಡಿಗೂ ಅಂಥದ್ದೇ ಗಾಡಿ ಬೇಕೆಂದರು. 1946ರಲ್ಲಿ ಡಾಡ್ಜ್ ತನ್ನ ಸೇನಾ ಟ್ರಕ್ಕನ್ನೇ ನಾಗರಿಕರಿಗೆ ಒಗ್ಗಿಸಿ ಪವರ್ ವ್ಯಾಗನ್ ಎಂದು ಮಾರಿತು. ಶೆವ್ರೊಲೆ, ಜಿಎಂಸಿ ಪಿಕಪ್‌ಗಳಲ್ಲಿ ಆಗಿನ್ನೂ ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವ ಸೌಲಭ್ಯ ಇರಲಿಲ್ಲ. ಆ ಕೊರತೆ ತುಂಬಿದ್ದು ಮಿನಿಯಾಪೊಲಿಸ್‌ನ ನ್ಯಾಪ್ಕೋ ಕಂಪನಿ. ಮುಂದಿನ ಆಕ್ಸಲ್, ಅದಕ್ಕೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್, ಜೋಡಣೆಗೆ ಬೇಕಾದ ಬ್ರಾಕೆಟ್‌ಗಳನ್ನೆಲ್ಲ ಒಟ್ಟಿಗೆ ಸೇರಿಸಿ ಕಿಟ್ ಮಾಡಿ ಮಾರಿತು. ಅದೆಷ್ಟು ಚೆನ್ನಾಗಿತ್ತೆಂದರೆ, 1957ರಲ್ಲಿ ಜನರಲ್ ಮೋಟಾರ್ಸ್ ಅದನ್ನು ಕಾರ್ಖಾನೆಯಲ್ಲೇ ಕೂರಿಸಿಕೊಡಲು ಒಪ್ಪಿತು.

ಇಲ್ಲಿ ಒಂದು ವಿಷಯ ಗಮನಿಸಿ. ಆ ಗಾಡಿಗಳು ಎತ್ತರವಾಗಿ ನಿಂತದ್ದು ಅಂದಕ್ಕಲ್ಲ. ಎಂಜಿನ್ ಕೆಳಗೆ ಹೊಸದಾಗಿ ಒಂದು ಆಕ್ಸಲ್ ಬಂತು, ಅದು ಮೇಲೆ ಕೆಳಗೆ ಆಡಲು ಜಾಗ ಬೇಕಾಯಿತು. ಎತ್ತರ ಬಂದದ್ದು ಆ ಅಗತ್ಯದ ಹಿಂದೆ.

ಟೈರ್ ದೊಡ್ಡದಾದದ್ದು ಮುಂದಿನ ಹೆಜ್ಜೆ. 1967ರಲ್ಲಿ ಮೆಕ್ಸಿಕೋದ ಬಾಹಾ ಮರುಭೂಮಿಯಲ್ಲಿ ವಾಹನಗಳ ದೂರದ ಓಟದ ಸ್ಪರ್ಧೆ ಆರಂಭವಾಯಿತು. ಮರಳು ಕಲ್ಲಿನ ಮೇಲೆ ವೇಗವಾಗಿ ಹೋಗಬೇಕೆನ್ನುವವರು ದೊಡ್ಡ ಟೈರ್, ಉದ್ದ ಆಟದ ಶಾಕ್ ಅಬ್ಸಾರ್ಬರ್ ಹುಡುಕತೊಡಗಿದರು. ದೊಡ್ಡ ಟೈರ್ ಹಾಕಿದರೆ ಫೆಂಡರ್‌ಗೆ ಉಜ್ಜುತ್ತದೆ. ಆಗ ಉಳಿಯುವುದು ಎರಡೇ ದಾರಿ, ಫೆಂಡರ್ ಕತ್ತರಿಸುವುದು ಅಥವಾ ಗಾಡಿ ಎತ್ತುವುದು. ಎಪ್ಪತ್ತರ ದಶಕದಲ್ಲಿ ಇದೇ ಒಂದು ಉದ್ಯಮವಾಯಿತು. ಲೂಸಿಯಾನಾದ ವೆಸ್ಟ್ ಮನ್ರೋ ಎಂಬ ಒಂದೇ ಊರಿನಿಂದ ಸ್ಕೈಜಾಕರ್, ಸೂಪರ್‌ಲಿಫ್ಟ್ ಎಂಬ ಎರಡು ದೊಡ್ಡ ಹೆಸರುಗಳು ಬಂದವು.

ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವ ಆಗಿನ ಪಿಕಪ್‌ಗಳಲ್ಲಿ ಬಹುಪಾಲಿಗೆ ಮುಂದೆ ಹಿಂದೆ ಎರಡೂ ಕಡೆ ಕಮಾನು, ಅಡಿಯಲ್ಲಿ ಒಂದೇ ತುಂಡಿನ ಗಟ್ಟಿ ಆಕ್ಸಲ್. ಅದನ್ನು ಎತ್ತುವುದು ಸುಲಭವೆಂದು ಕಾಣುತ್ತದೆ. ಹೆಚ್ಚು ಬಾಗಿದ ಕಮಾನು ಹಾಕಿ, ಇಲ್ಲವೇ ಹಳೆಯ ಸೆಟ್ಟಿಗೇ ಒಂದು ಪಟ್ಟಿ ಸೇರಿಸಿ, ಅದೂ ಬೇಡವೆಂದರೆ ಕಮಾನಿಗೂ ಆಕ್ಸಲ್‌ಗೂ ನಡುವೆ ಕಬ್ಬಿಣದ ಬ್ಲಾಕ್ ಇಟ್ಟು ಉದ್ದದ ಯೂ ಬೋಲ್ಟ್ ಬಿಗಿಯಿರಿ. ಹಿಂದಿನ ಆಕ್ಸಲ್‌ಗೆ ಬ್ಲಾಕ್ ಇಡುವುದುಂಟು, ಎಷ್ಟೋ ಪಿಕಪ್‌ಗಳು ಕಾರ್ಖಾನೆಯಿಂದಲೇ ಹಾಗೆ ಬರುತ್ತವೆ. ಆದರೆ ಮುಂದಿನ ಆಕ್ಸಲ್‌ಗೆ ಬ್ಲಾಕ್ ಯಾವತ್ತೂ ಬೇಡ. ಜೋರಾಗಿ ಬ್ರೇಕ್ ಹಾಕಿದಾಗ ಆಕ್ಸಲ್ ತಿರುಚಿಕೊಳ್ಳುತ್ತದೆ. ಬ್ಲಾಕ್ ಎತ್ತರವಾದಷ್ಟೂ ಆ ತಿರುಚು ಬಲಕ್ಕೆ ಸನ್ನೆಯ ಉದ್ದ ಸಿಗುತ್ತದೆ. ಬ್ಲಾಕ್ ಜಾರಿದರೆ ಸ್ಟೀರಿಂಗ್ ಕೈಯಲ್ಲಿ ಉಳಿಯುವುದಿಲ್ಲ.

ಅದೇ ಕಾಲದಲ್ಲಿ ಸೇಂಟ್ ಲೂಯಿಸ್ ಬಳಿ ಬಾಬ್ ಚಾಂಡ್ಲರ್ ಎಂಬವರು ಗಾಡಿ ಬಿಡಿಭಾಗಗಳ ಅಂಗಡಿ ಇಟ್ಟಿದ್ದರು. 1974ರ ಫೋರ್ಡ್ ಎಫ್-250 ಅವರದು. ದೊಡ್ಡ ಟೈರ್ ಹಾಕಿದರು, ಆಕ್ಸಲ್ ಮುರಿಯಿತು. ಸೇನೆಯ ಆಕ್ಸಲ್ ತಂದರು, ಅದಕ್ಕೆ ಇನ್ನೂ ದೊಡ್ಡ ಟೈರ್ ಹಿಡಿಯಿತು. ಹೀಗೆ ಬೆಳೆದ ಗಾಡಿಗೆ ಬಿಗ್‌ಫುಟ್ ಎಂದು ಹೆಸರಾಯಿತು. 1981ರಲ್ಲಿ ಹೊಲವೊಂದರಲ್ಲಿ ಹಳೇ ಕಾರುಗಳ ಮೇಲೆ ಅದನ್ನು ಹತ್ತಿಸಿ ಚಿತ್ರೀಕರಿಸಿದರು. ಮಾನ್‌ಸ್ಟರ್ ಟ್ರಕ್ ಆಟ ಬೆಳೆದದ್ದು ಅಲ್ಲಿಂದ. 1985ರಲ್ಲಿ 'ಬ್ಯಾಕ್ ಟು ದಿ ಫ್ಯೂಚರ್' ಸಿನಿಮಾದಲ್ಲಿ ಎತ್ತರಿಸಿದ ಕಪ್ಪು ಟೊಯೋಟಾ ಪಿಕಪ್ ಬಂತು. ಎತ್ತರದ ಗಾಡಿ ಹದಿಹರೆಯದವರ ಕನಸಾದದ್ದು ಆಗ. ಬಿಗ್‌ಫುಟ್ ಕಥೆಯಲ್ಲಿ ನನಗೆ ಕಾರು ಜಜ್ಜಿದ್ದಕ್ಕಿಂತ ಮುಖ್ಯವಾಗಿ ಕಾಣುವುದು ಆ ಮುರಿದ ಆಕ್ಸಲ್. ಟೈರ್ ದೊಡ್ಡದಾದರೆ ಅದರ ಭಾರ ಹೊರುವುದು ಹಿಂದಿರುವ ಪ್ರತಿಯೊಂದು ಭಾಗ.

ನಿಜವಾದ ತಿರುವು ಇನ್ನು ಮುಂದಿದೆ. 1986ರ ಮಾದರಿಯಲ್ಲಿ ಟೊಯೋಟಾ, 1988ರಲ್ಲಿ ಜನರಲ್ ಮೋಟಾರ್ಸ್ ತಮ್ಮ ಫೋರ್ ವ್ಹೀಲ್ ಡ್ರೈವ್ ಪಿಕಪ್‌ಗಳ ಮುಂದಿನ ಗಟ್ಟಿ ಆಕ್ಸಲ್ ತೆಗೆದುಹಾಕಿದವು. ಎಡ ಬಲ ಚಕ್ರಗಳು ಬೇರೆ ಬೇರೆಯಾಗಿ ಆಡುವ ಇಂಡಿಪೆಂಡೆಂಟ್ ಸಸ್ಪೆನ್ಷನ್ ಬಂತು. ಪ್ರಯಾಣ ಹಿತವಾಯಿತು, ಎತ್ತುವ ಕೆಲಸ ಕಠಿಣವಾಯಿತು.

ಮನಸ್ಸಿನಲ್ಲೇ ಚಿತ್ರಿಸಿಕೊಳ್ಳಿ. ಚಕ್ರವನ್ನು ಹಿಡಿದಿರುವುದು ಕೆಳಗೊಂದು ಮೇಲೊಂದು ತೋಳು. ಇಂದಿನ ಬಹಳ ಪಿಕಪ್‌ಗಳಲ್ಲಿ ಸ್ಪ್ರಿಂಗ್ ಶಾಕ್ ಒಟ್ಟಾಗಿ ಕೆಳಗಿನ ತೋಳಿನ ಹೆಚ್ಚುಕಡಿಮೆ ನಡುವೆ ಕೂರುತ್ತವೆ. ಹಾಗಾಗಿ ಆ ಜೋಡಿಯ, ಅಂದರೆ ಸ್ಟ್ರಟ್‌ನ, ತಲೆಯ ಮೇಲೆ ಒಂದು ಇಂಚಿನ ಬಿಲ್ಲೆ ಇಟ್ಟರೆ ಗಾಡಿ ಏರುವುದು ಸುಮಾರು ಎರಡು ಇಂಚು. ಅಗ್ಗದ ಲೆವೆಲಿಂಗ್ ಕಿಟ್ ಎಂದರೆ ಇಷ್ಟೇ. ಆದರೆ ಸ್ಪ್ರಿಂಗ್ ಬದಲಾಗಿಲ್ಲ, ಶಾಕ್ ಬದಲಾಗಿಲ್ಲ. ತೋಳು ಮಾತ್ರ ಸದಾ ಕೆಳಕ್ಕೆ ಬಾಗಿ ನಿಂತಿದೆ. ಚಕ್ರ ಗುಂಡಿಗೆ ಇಳಿಯಲು ಉಳಿದ ಜಾಗ ಕಡಿಮೆ, ಮೇಲಿನ ಬಾಲ್ ಜಾಯಿಂಟ್ ತನ್ನ ಮಿತಿಯ ಅಂಚಿನಲ್ಲಿದೆ, ಚಕ್ರಕ್ಕೆ ಶಕ್ತಿ ಒಯ್ಯುವ ಸಿವಿ ಜಾಯಿಂಟ್ ಓರೆಯಾಗಿ ತಿರುಗುತ್ತಿದೆ. ಇದಕ್ಕೇ ನಾಲ್ಕು, ಆರು ಇಂಚಿನ ಒಳ್ಳೆಯ ಕಿಟ್‌ಗಳಲ್ಲಿ ಡಿಫರೆನ್ಷಿಯಲ್ ಕೆಳಗಿಳಿಸುವ ಬ್ರಾಕೆಟ್, ಹೊಸ ಕ್ರಾಸ್‌ಮೆಂಬರ್, ಎತ್ತರದ ಸ್ಟೀರಿಂಗ್ ನಕಲ್ ಇರುತ್ತವೆ. ಅವುಗಳಿಗೆ ಬೆಲೆ ಹೆಚ್ಚಾಗುವುದು ಆ ಕೋನಗಳನ್ನು ಮತ್ತೆ ಸರಿಪಡಿಸುವುದಕ್ಕಾಗಿ. ಹೀಗಾಗಿ ಪೆಟ್ಟಿಗೆಯ ಮೇಲೆ ಬರೆದ ಇಂಚು ನೋಡಬೇಡಿ, ಒಳಗಿರುವ ಭಾಗಗಳ ಪಟ್ಟಿ ಓದಿ.

ಬಾಡಿ ಲಿಫ್ಟ್ ಬೇರೆ. ಚಾಸಿಗೂ ಬಾಡಿಗೂ ನಡುವೆ ಬಿಲ್ಲೆ ಇಡುತ್ತಾರೆ, ಟೈರ್‌ಗೆ ಜಾಗ ಸಿಗುತ್ತದೆ, ಸಸ್ಪೆನ್ಷನ್ ಹಾಗೇ ಉಳಿಯುತ್ತದೆ.

ಇನ್ನು ಉರುಳುವ ಮಾತು. ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ ಗಾಡಿ ಪಲ್ಟಿಯಾಗುವ ಅಪಾಯ ಅಳೆಯಲು ಸರಳ ಲೆಕ್ಕ ಬಳಸುತ್ತದೆ: ಎಡ ಬಲ ಚಕ್ರಗಳ ನಡುವಿನ ಅಗಲವನ್ನು ಗುರುತ್ವ ಕೇಂದ್ರದ ಎತ್ತರದ ಎರಡರಷ್ಟರಿಂದ ಭಾಗಿಸುವುದು. ಉದಾಹರಣೆಗೆ ಅಗಲ 68 ಇಂಚು, ಎತ್ತರ 28 ಇಂಚು ಅಂದುಕೊಳ್ಳಿ, 1.21 ಬರುತ್ತದೆ. ಟೈರ್, ಲಿಫ್ಟ್ ಸೇರಿ ಕೇಂದ್ರ 4 ಇಂಚು ಏರಿದರೆ 1.06ಕ್ಕೆ ಇಳಿಯುತ್ತದೆ. ಸಂಖ್ಯೆ ಕಡಿಮೆಯಾದಷ್ಟೂ ಉರುಳುವುದು ಸುಲಭ. 2010ರ ಫೋರ್ಡ್ ರ‍್ಯಾಪ್ಟರ್ ಇದನ್ನು ಅರಿತು ಮಾಡಿದ ಗಾಡಿ. ಬರೀ ಎತ್ತರಿಸದೆ ಸಾಮಾನ್ಯ ಎಫ್-150ಗಿಂತ ಸುಮಾರು 7 ಇಂಚು ಅಗಲ ಮಾಡಿ, ಚಕ್ರದ ಆಟವನ್ನು ಮುಂದೆ 11 ಇಂಚಿಗೂ ಮೇಲೆ ಒಯ್ದರು. ಇದೇ ಸರಿಯಾದ ದಾರಿ ಎಂದು ನನಗನ್ನಿಸುತ್ತದೆ. ಇದಕ್ಕೆ ತದ್ವಿರುದ್ಧವಾದದ್ದು ಮೂತಿ ಎತ್ತಿ ಹಿಂಭಾಗ ತಗ್ಗಿಸುವ ಕ್ಯಾರೊಲಿನಾ ಸ್ಕ್ವಾಟ್. ಚಾಲಕನಿಗೆ ಮುಂದಿನ ರಸ್ತೆಯೇ ಕಾಣದಂತಾಗುವ ಆ ಶೈಲಿಯನ್ನು ನಾರ್ತ್ ಕ್ಯಾರೊಲಿನಾ 2021ರ ಡಿಸೆಂಬರ್‌ನಿಂದ ನಿಷೇಧಿಸಿತು.

ನಮ್ಮಲ್ಲಿ? ಟೊಯೋಟಾ ಹೈಲಕ್ಸ್ ಬಿಡದಿಯಲ್ಲೇ ತಯಾರಾಗುತ್ತದೆ, ಇಸುಜು ವಿ-ಕ್ರಾಸ್ 2016ರಿಂದ ಇದೆ, ಆಸೆಗೂ ಕೊರತೆಯಿಲ್ಲ. ಆದರೆ ಕಾನೂನು ಬಿಗಿಯಾಗಿದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ನಿಗದಿ ಮಾಡಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಎನ್ನುತ್ತದೆ. ಹಣ ಕಟ್ಟುವ ಮೊದಲು ಆರ್‌ಟಿಓ ಕಚೇರಿಯಲ್ಲೂ ವಿಮೆಯವರಲ್ಲೂ ವಿಚಾರಿಸಿ.

ಅಮೆರಿಕದಲ್ಲಿರುವ ಕನ್ನಡಿಗರೇ, ನೀವು ಹಾಕಿಸುವುದೇ ಆದರೆ ಮೊದಲು ಎಲ್ಲಿ ಓಡಿಸುತ್ತೀರಿ, ಎಷ್ಟು ಭಾರ ಹೇರುತ್ತೀರಿ ಎಂದು ನೋಡಿ, ಅದಕ್ಕೆ ತಕ್ಕ ಟೈರ್ ಗೊತ್ತು ಮಾಡಿ, ಆ ಟೈರ್ ಉಜ್ಜದಷ್ಟು ಮಾತ್ರ ಎತ್ತಿ. 31 ಇಂಚಿನಿಂದ 35ಕ್ಕೆ ಹೋದರೆ ಮೀಟರ್ 100 ತೋರಿಸುವಾಗ ಗಾಡಿ 113ರಲ್ಲಿರುತ್ತದೆ, ಅದನ್ನೂ ತಿದ್ದಿಸಿ. ಹಳೆಯ ಯೂ ಬೋಲ್ಟ್ ಮತ್ತೆ ಬಳಸಬೇಡಿ. ಕೆಲಸ ಮುಗಿದ ದಿನವೇ ಅಲೈನ್‌ಮೆಂಟ್ ಮಾಡಿಸಿ, ಕೆಲವು ನೂರು ಮೈಲಿ ಓಡಿದ ಮೇಲೆ ಬೋಲ್ಟ್‌ಗಳನ್ನು ಮತ್ತೆ ಬಿಗಿಯಿಸಿ. ಹೆಡ್‌ಲೈಟ್ ಬೆಳಕನ್ನು ಕೆಳಗೆ ಇಳಿಸಲು ಮರೆಯಬೇಡಿ. ಗಾಡಿಯ ಮೂತಿ ಎದ್ದರೆ ಆ ಬೆಳಕು ನೇರ ಎದುರಿನವರ ಕಣ್ಣಿಗೆ ಬೀಳುತ್ತದೆ.