ಸಣ್ಣ ಪೆಟ್ಟಿಗೆ, ದೊಡ್ಡ ನಾದ



ಕುದಾಪುರದ ಸುತ್ತಿನ ಮ್ಯಾಸಬೇಡರ ಸೀಮೆಗೆ ಉರುಮೆಯ ದನಿ ಹೊಸದಲ್ಲ. ಬಾಗಿದ ಕಡ್ಡಿ ಚರ್ಮವನ್ನು ಉಜ್ಜಿದಾಗ ಹುಟ್ಟುವ ಒರಟುತನವೇ ಅದರ ಸೊಗಸು.

ಎಲೆಕ್ಟ್ರಿಕ್ ಗಿಟಾರ್ ಬಯಸುವುದೂ ಅಂಥದೇ ಒರಟು. ವಾಲ್ವ್ ಆಂಪ್ಲಿಫೈಯರಿನಲ್ಲಿ ದನಿ ಏರಿಸಿದಂತೆ ವಾಲ್ವ್ ತನ್ನ ಮಿತಿ ಮುಟ್ಟಿ, ಅಲೆಗಳ ತುದಿ ಸವೆದು ನಾದ ದಪ್ಪವಾಗುತ್ತದೆ. ಆದರೆ ಆ ಯಂತ್ರ ಭಾರ, ದುಬಾರಿ. ಊರೇ ಎದ್ದು ಕೂರುವಷ್ಟು ಜೋರು.

1996ರಲ್ಲಿ ಅಮೆರಿಕದ ಲೈನ್ 6 ಕಂಪನಿ ಇದೇ ಗುಣವನ್ನು ಚಿಪ್ಪಿನಲ್ಲಿ ಲೆಕ್ಕಹಾಕಿ ಅನುಕರಿಸುವ ಆಂಪ್ಲಿಫೈಯರ್ ತಂದಿತು. ಇದಕ್ಕೆ ‘ಮಾಡೆಲಿಂಗ್’ ಎಂದು ಹೆಸರು. ಬರಬರುತ್ತ ಬೆಲೆ ಇಳಿಯಿತು.

ಕೊಳ್ಳುವವರು ಪೆಟ್ಟಿಗೆಯಲ್ಲಿ ಎಷ್ಟು ಬಗೆಯ ನಾದಗಳಿವೆಯೆಂದು ಎಣಿಸಬೇಕಿಲ್ಲ. ತಮ್ಮ ಗಿಟಾರನ್ನೇ ಜೋಡಿಸಿ, ಮೆಲುದನಿಯಲ್ಲಿ ನುಡಿಸಿ ನೋಡಲಿ. ಮೀಟು ಹಗುರಾದಾಗ ಒರಟೂ ತಗ್ಗಿದರೆ ಪೆಟ್ಟಿಗೆ ಒಳ್ಳೆಯದು. ಹೆಡ್‌ಫೋನಿಗೆ ಕಿಂಡಿಯಿದ್ದರೆ ಊರು ಮಲಗಿದ ಮೇಲೂ ಅಭ್ಯಾಸ ಸಾಗುತ್ತದೆ. ಬಡ ಕಲಾವಿದನಿಗೆ ಅದೇ ದೊಡ್ಡ ಲಾಭ.